ಹಿಂದಕ್ಕೆ ಏಳು ಹೆಜ್ಜೆ

ನಾನು ಏನು ಕೆಲಸ ಮಾಡುತ್ತೇನೆಂದು ಹೊಸಪೇಟೆಯಲ್ಲಿ ಯಾರಾದರೂ ಕೇಳಿದರೆ ನನಗಿಂತ ಮೊದಲು ಅವ್ವ ಉತ್ತರ ಕೊಡುತ್ತಿದ್ದಳು: ಇಲಿಯ ಮೆದುಳಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡುತ್ತಾಳೆ. ಕೇಳಿದವರು ಕೂಡಲೇ ನನ್ನ ಮದುವೆಯ ಮಾತಿಗೆ ಹೊರಳುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಇಷ್ಟು ವರ್ಷ ಓದಿದ್ದನ್ನೆಲ್ಲ ಅವ್ವ ಒಂದು ಬ್ಯಾಟರಿಗೆ ಇಳಿಸಿಬಿಟ್ಟಳಲ್ಲ ಎಂದು ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಈಗ ನೋಡಿದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬೆಂಗಳೂರಿನ ಒಂದು ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ನನ್ನ ಕೆಲಸ. ಹಪ್ಪಳಕ್ಕಿಂತ ತೆಳುವಾಗಿ ಕೊಯ್ದ ಇಲಿಯ ಮೆದುಳಿನ ಹೋಳನ್ನು ಉಪ್ಪುನೀರಿನ ಬಟ್ಟಲಲ್ಲಿ ಜೀವ ಹೋಗದಂತೆ ಇಟ್ಟು, ಅದಕ್ಕೊಂದು ಬಣ್ಣ ಕುಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಲೇಸರ್ ಬೆಳಕು ಹಾಯಿಸಬೇಕು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವಾಗ ಆ ಬಣ್ಣ ಹಸಿರಾಗಿ ಮಿನುಗುತ್ತದೆ. ಮೊದಲು ಒಂದು, ಆಮೇಲೆ ಪಕ್ಕದ್ದು, ಆಮೇಲೆ ಎಲ್ಲೋ ದೂರದ್ದೊಂದು. ನೋಡುತ್ತ ಕೂತರೆ ಗಂಟೆಗಳು ಹೋದದ್ದೇ ತಿಳಿಯುತ್ತಿರಲಿಲ್ಲ. ಗುಡ್ಡದ ಮೇಲೆ ಕೂತು ಕೆಳಗಿನ ಊರಿನಲ್ಲಿ ದೀಪ ಹತ್ತುವುದನ್ನು ನೋಡುತ್ತಿದ್ದೇನೆ ಅನ್ನಿಸುತ್ತಿತ್ತು. ನನ್ನ ಪಾಲಿಗೆ ಬಂದದ್ದು ಮೆದುಳಿನ ತಳದ ಒಂದು ಸಣ್ಣ ಕೇರಿ. ನಡಿಗೆಯನ್ನು ಶುರು ಮಾಡುವುದು, ನಿಲ್ಲಿಸುವುದು, ನಡೆಯುವಾಗ ಕೈ ಬೀಸಿಸುವುದು, ಮುಖದ ಮೇಲೆ ನಗು ತರಿಸುವುದು, ಎಲ್ಲದಕ್ಕೂ ಆ ಕೇರಿಯವರ ಕೈವಾಡ ಬೇಕು. ಬೆಳಕು ಬಿಟ್ಟು ಇಂಥ ಕೋಶಗಳನ್ನು ಬೇಕಾದಾಗ ಎಬ್ಬಿಸಬಹುದು, ಬೇಕಾದಾಗ ಮಲಗಿಸಬಹುದು ಎಂಬ ಸುದ್ದಿಯೂ ಆಗ ಹೊರದೇಶಗಳಿಂದ ಬರತೊಡಗಿತ್ತು. ಅದನ್ನು ಓದಿದ ದಿನ ಸಂಭ್ರಮಕ್ಕೆ ನನಗೆ ಊಟ ಸೇರಲಿಲ್ಲ.

ಇದನ್ನೆಲ್ಲ ಊರಲ್ಲಿ ಅರ್ಥ ಮಾಡಿಕೊಂಡವನು ಒಬ್ಬನೇ, ಅವ್ವನ ತಮ್ಮ, ನನ್ನ ಸೋದರಮಾವ. ಸಂಡೂರಿನ ಗುಡ್ಡದ ಒಂದು ಮ್ಯಾಂಗನೀಸ್ ಗಣಿಯಲ್ಲಿ ಅವನು ಸ್ಯಾಂಪಲ್ ರೂಮು ನೋಡಿಕೊಳ್ಳುತ್ತಿದ್ದ. ಮೇಲಿನಿಂದ ಬಂದ ಅದಿರಿನ ಕಲ್ಲನ್ನು ಕಬ್ಬಿಣದ ಒರಳಲ್ಲಿ ಕುಟ್ಟಿ, ಜರಡಿ ಹಿಡಿದು, ಕಾಡಿಗೆಯಂಥ ಪುಡಿ ಮಾಡಿ, ಪೊಟ್ಟಣ ಕಟ್ಟಿ ಚೀಟಿ ಅಂಟಿಸಿ ಪರೀಕ್ಷೆಗೆ ಕಳಿಸುವುದು ಅವನ ಕೆಲಸ. ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ಅವನು ಹೇಳಿದ ಗ್ರೇಡಿಗೂ ಆಮೇಲೆ ಪರೀಕ್ಷೆಯಿಂದ ಬರುತ್ತಿದ್ದ ಗ್ರೇಡಿಗೂ ಹೆಚ್ಚು ಅಂತರ ಇರುತ್ತಿರಲಿಲ್ಲ. ಅದು ಅವನ ಹೆಮ್ಮೆ. ಇನ್ನೊಂದು ಅವನ ನಗು. ಮಾವ ನಕ್ಕರೆ ಹೊಟ್ಟೆ, ಹೆಗಲು, ಕೂತ ಕುರ್ಚಿ ಎಲ್ಲ ನಗುತ್ತಿದ್ದವು. ಕಂಪ್ಲಿಗೆ ಹೆಣ್ಣು ನೋಡಲು ಹೋದಾಗ ಯಾವುದೋ ಮಾತಿಗೆ ಬಾಯಲ್ಲಿದ್ದ ಉಪ್ಪಿಟ್ಟು ನೆತ್ತಿಗೇರುವಷ್ಟು ನಕ್ಕಿದ್ದನಂತೆ. ಹಿರಿಯರು ಮುಖ ಮುಖ ನೋಡಿಕೊಂಡರೂ ಅತ್ತೆ ಅವನನ್ನು ಒಪ್ಪಿದ್ದು ಆ ನಗುವಿಗೇ ಎಂದು ಅವ್ವ ಹೇಳುತ್ತಿದ್ದಳು.

ಬೆಳಕಿನ ಹುಚ್ಚು ನನಗೆ ಹತ್ತಿಸಿದವನೂ ಮಾವನೇ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಹಂಪಿಯ ವಿರೂಪಾಕ್ಷನ ಗುಡಿಯ ಹಿಂದಿನ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ, ಗೋಡೆಯ ಮೇಲೆ ತಲೆಕೆಳಗಾಗಿ ಬಿದ್ದ ಗೋಪುರದ ನೆರಳು ತೋರಿಸಿದ. ಜೊತೆಗಿದ್ದವರು ಕೈ ಮುಗಿದು ಹೊರಟರು. ಮಾವ ನನ್ನನ್ನು ಬೆಳಕು ಬರುವ ಸಂದಿಯ ಹತ್ತಿರಕ್ಕೆ ಎತ್ತಿ ಹಿಡಿದು ಕೈ ಅಡ್ಡ ಇಡು ಅಂದ. ಇಟ್ಟೆ, ಗೋಪುರ ಹೋಯಿತು. ತೆಗೆದೆ, ಬಂತು. ಬೆಳಕಿಗೆ ನೆಟ್ಟಗೆ ಹೋಗುವುದೊಂದೇ ಗೊತ್ತು, ಅದಕ್ಕೇ ಮೇಲಿನದು ಕೆಳಗೆ ಬಿದ್ದಿದೆ, ಕೆಳಗಿನದು ಮೇಲೆ, ಅಷ್ಟೇ ಎಂದು ಹೇಳಿದ. ದೇವರ ಪವಾಡವನ್ನು ಹೀಗೆ ಬಿಚ್ಚಿಟ್ಟನಲ್ಲ ಎಂದು ಅವ್ವ ಬೈದಳು. ಬಿಚ್ಚಿದರೂ ಪವಾಡ ಪವಾಡವೇ ಎಂದು ಅವನು ನಕ್ಕ.

ಹಾಗಂತ ಅವನೇನು ನಾಸ್ತಿಕನಲ್ಲ. ಅದೇ ಗುಡಿಯಲ್ಲಿ ನಮ್ಮ ಮನೆತನದ ಒಂದು ಪದ್ಧತಿ ಇತ್ತು. ದರ್ಶನ ಮುಗಿದ ಕೂಡಲೇ ದೇವರಿಗೆ ಬೆನ್ನು ಮಾಡಬಾರದು. ಕೈ ಮುಗಿದುಕೊಂಡೇ ಏಳು ಹೆಜ್ಜೆ ಹಿಂದಕ್ಕೆ ಇಟ್ಟು, ಆಮೇಲೆ ತಿರುಗಬೇಕು. ಎಷ್ಟು ಜನ ಇದ್ದರೂ ಬಿಡುವಂತಿಲ್ಲ. ನಾನು ಎಣಿಕೆಯಲ್ಲಿ ಮೋಸ ಮಾಡುತ್ತಿದ್ದೆ, ಹಿಂದಿದ್ದವರ ಕಾಲು ತುಳಿದು ಬೈಸಿಕೊಳ್ಳುತ್ತಿದ್ದೆ. ಮಾವ ಮಾತ್ರ ಬೆನ್ನಿಗೆ ಕಣ್ಣಿದ್ದವನ ಹಾಗೆ ಕಂಬ, ಹೊಸ್ತಿಲು, ಜನ ಎಲ್ಲ ತಪ್ಪಿಸಿ ಸರಾಗವಾಗಿ ಹಿಂದೆ ಸರಿಯುತ್ತಿದ್ದ.

ಆಮೇಲೆ ಕಬ್ಬಿಣದ ಅದಿರಿನ ವರ್ಷಗಳು ಬಂದವು. ಚೀನಾದವರಿಗೆ ಎಷ್ಟು ಕಳಿಸಿದರೂ ಸಾಲದು ಎಂಬ ಕಾಲ. ಸಂಡೂರಿನ ದಾರಿಯಲ್ಲಿ, ಗಾದಿಗನೂರಿನ ಕಡೆ, ಮರಿಯಮ್ಮನಹಳ್ಳಿಯ ಕಡೆ, ಎತ್ತ ನೋಡಿದರೂ ಲಾರಿಯ ಹಿಂದೆ ಲಾರಿ. ಬೇವಿನ ಗಿಡ, ಎಮ್ಮೆ, ಅಂಗಡಿಯ ಬೋರ್ಡು, ಒಣಹಾಕಿದ ಬಟ್ಟೆ ಎಲ್ಲಕ್ಕೂ ಒಂದೇ ಬಣ್ಣ. ರಜೆಗೆ ಬಂದರೆ ನನ್ನ ಬಿಳಿ ಓಢಣಿ ಮೊದಲ ದಿನವೇ ಕೆಂಪಾಗುತ್ತಿತ್ತು. ಸಂಜೆ ಆ ಧೂಳಿನಲ್ಲಿ ಬಿಸಿಲು ದಪ್ಪಗಾಗಿ, ಸೂರ್ಯ ಇಳಿಯದೆ ಅಲ್ಲೇ ನಿಂತ ಹಾಗೆ ಕಾಣುತ್ತಿತ್ತು. ಮನೆಯ ಮಾಳಿಗೆ ಹತ್ತಿ ನಿಂತರೆ ಊರಿಗೆ ಊರೇ ನಿದ್ದೆಗಣ್ಣಿನಲ್ಲಿ ತೇಲುತ್ತಿರುವಂತಿತ್ತು. ಎಲ್ಲರೂ ಕೆಮ್ಮುತ್ತಿದ್ದರು, ಬೈಯುತ್ತಿದ್ದರು. ನನಗೆ ಅದು ಚೆಂದವೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಂಥದೊಂದು ವರ್ಷ ಶ್ರಾವಣದ ಸೋಮವಾರ ನಾವು ನಾಲ್ಕು ಜನ, ಅವ್ವ, ಮಾವ, ಅತ್ತೆ ಮತ್ತು ನಾನು, ಹಂಪಿಗೆ ಹೋದೆವು. ಮಾವನನ್ನು ನಾನು ನೋಡಿ ಒಂದು ವರ್ಷದ ಮೇಲಾಗಿತ್ತು. ಬಸ್ಸಿನಲ್ಲಿ ನನ್ನ ಕೆಲಸದ ಬಗ್ಗೆ ಹೇಳಿದೆ, ಕೋಶಗಳು ಹೇಗೆ ಮಿನುಗುತ್ತವೆ ಎಂದು ಕೈ ಆಡಿಸಿ ತೋರಿಸಿದೆ. ಅವನು ಹೂಂಗುಡುತ್ತಿದ್ದ. ದನಿ ಬಹಳ ಇಳಿದಿತ್ತು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ದೊಡ್ಡ ಮನುಷ್ಯನಾಗಿಬಿಟ್ಟಿದ್ದಾನೆ, ಅದಿರಿನವರ ಜೊತೆ ಸೇರಿ ಇವನಿಗೂ ಬಿಗುಮಾನ ಬಂತು ಎಂದು ನನಗೆ ಬೇಸರವಾಯಿತು. ಇಳಿದು ನಡೆಯುವಾಗ ಅವನು ಹಿಮ್ಮಡಿ ಊರದೆ, ಮುಂಗಾಲಿನ ಮೇಲೆ ಹುಂಜದ ಹಾಗೆ ಹೆಜ್ಜೆ ಹಾಕುತ್ತಿದ್ದ. ಚಪ್ಪಲಿ ಕಚ್ಚುತ್ತಿರಬೇಕು ಅಂದುಕೊಂಡೆ.

ದರ್ಶನವಾಯಿತು. ಮಾವ ಕೈ ಮುಗಿದ. ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಎರಡನೆಯದಕ್ಕೆ ಅವನ ಕಾಲು ಏಳಲೇ ಇಲ್ಲ. ಮೈ ಹಿಂದಕ್ಕೆ ಹೋಯಿತು, ಪಾದ ಇದ್ದಲ್ಲೇ ಇತ್ತು. ಕೈ ಮುಗಿದ ಭಂಗಿಯಲ್ಲೇ ಕಡಿದ ಮರದ ಹಾಗೆ ಬೆನ್ನಿನ ಮೇಲೆ ಬಿದ್ದ. ಬೀಳುವಾಗ ಕೈ ಚಾಚಿ ತಡೆದುಕೊಳ್ಳಲೂ ಇಲ್ಲ. ಜನ ಸರಿದರು. ಶ್ರಾವಣ ಸೋಮವಾರವೂ ಕುಡಿಯುವುದು ಬಿಟ್ಟಿಲ್ಲ ನೋಡು, ಮೈನ್ಸಿನವರ ರೊಕ್ಕ ಎಂದು ಗುರುತಿನವರು ಯಾರೋ ಅಂದದ್ದು ಕೇಳಿಸಿತು. ನಾನು ಓಡಿಹೋಗಿ ಅವನ ಹೆಗಲಿಗೆ ಕೈ ಕೊಟ್ಟು ಎಬ್ಬಿಸಿದೆ. ಎಬ್ಬಿಸುವಾಗ ಮುಖ ಹತ್ತಿರ ತಂದು ಮೂಸಿದೆ. ನನ್ನನ್ನು ಎತ್ತಿ ಹಿಡಿದು ಬೆಳಕು ತೋರಿಸಿದವನ ಬಾಯನ್ನು ನಾನು ಮೂಸಿದೆ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ವಿಭೂತಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಕಮಲಾಪುರದಲ್ಲಿ ಊಟಕ್ಕೆ ಇಳಿದಾಗ ಅವ್ವ ಮತ್ತು ಮಾವ ಬಾಳೆಹಣ್ಣು ಕೊಳ್ಳಲು ಹೋದರು. ಅತ್ತೆ ನನ್ನನ್ನು ಕಾಲುವೆಯ ದಂಡೆಗೆ ಕರೆದುಕೊಂಡು ಹೋಗಿ ಕೂತಳು. ನೀರಿನ ಆಚೆ ಬಾಳೆತೋಟ ಗಾಳಿಗೆ ಅಲುಗುತ್ತಿತ್ತು. ಅತ್ತೆ ಅದನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. ಒಂದೂವರೆ ವರ್ಷದಿಂದ ಹೀಗೆ. ಗಣಿಯ ಕಾಲೊನಿಯಲ್ಲಿ ಎಲ್ಲರೂ ಕುಡಿಯುತ್ತಾನೆ ಅನ್ನುತ್ತಾರೆ. ಅವಳೂ ಅಂಗಿ ಮೂಸಿದ್ದಾಳೆ, ಚೀಲ ತಡಕಾಡಿದ್ದಾಳೆ, ಏನೂ ಸಿಕ್ಕಿಲ್ಲ. ಕುಡಿಯುವುದಿಲ್ಲವೆಂದರೆ ಅದು ಇನ್ನೂ ಕೆಟ್ಟದ್ದು. ಹಾಗಾದರೆ ಅವನಿಗೆ ಅವಳೇ ಸಾಕಾಗಿದ್ದಾಳೆ ಎಂದು ಅರ್ಥ.

"ಇಪ್ಪತ್ತು ವರ್ಷ ನನ್ನ ಮಾತಿಗೆ ನಕ್ಕ ಮನುಷ್ಯಾ, ಯವ್ವಾ," ಅಂದಳು. "ಈಗ ನಾ ಏನು ಅಂದ್ರೂ ಗ್ವಾಡಿ ನೋಡಿದಂಗ ನೋಡ್ತಾರ. ಹೊಡದಿದ್ರ ತಡಕೋತಿದ್ದೆ."

ಶ್ರಾವಣ ಮುಗಿದ ಮೇಲೆ ಕಂಪ್ಲಿಗೆ, ಅಣ್ಣನ ಮನೆಗೆ ಹೋಗಿಬಿಡುತ್ತೇನೆ, ವಾಪಸು ಬರುವುದಿಲ್ಲ ಎಂದು ಹೇಳಿದಳು. ಅವಳು ಅಳುತ್ತಿರಲಿಲ್ಲ. ಆಗಲೇ ತೀರ್ಮಾನ ಮಾಡಿ ಮುಗಿಸಿದವರ ದನಿ ಅದು. ನಿಮ್ಮ ಜೊತೆ ನಾಳೆ ನಾನೂ ಸಂಡೂರಿಗೆ ಬರುತ್ತೇನೆ ಅಂದೆ.

ಮರುದಿನ ಮಾವ ನನ್ನನ್ನು ಗಣಿಗೆ ಕರೆದುಕೊಂಡು ಹೋದ. ಕೇಳಿದ್ದಕ್ಕೆ ಬೇಡ ಅನ್ನಲಿಲ್ಲ, ಬಾ ಎಂದೂ ಉತ್ಸಾಹ ತೋರಿಸಲಿಲ್ಲ. ಮಳೆ ಬಂದು ಗುಡ್ಡವೆಲ್ಲ ಹಸಿರಾಗಿತ್ತು, ಮೋಡ ತಲೆಗೆ ತಾಗುವಷ್ಟು ಕೆಳಗಿತ್ತು. ಆ ಹಸಿರಿನ ನಡುವೆ ಲಾರಿ ಓಡಾಡುವ ಕೆಂಪು ದಾರಿ. ದಾರಿಯ ಅಂಚಿನಲ್ಲಿ ಮಾವನ ಸ್ಯಾಂಪಲ್ ರೂಮು. ಒಳಗೆ ಹೋದೆ. ಕಣ್ಣಿಗೆ ಏನೂ ಕಾಣಲಿಲ್ಲ. ಹಗಲು ಹನ್ನೊಂದು ಗಂಟೆಗೆ ಒಂದು ಬಲ್ಬು ಉರಿಯುತ್ತಿತ್ತು, ಅದರ ಸುತ್ತ ಹೊಗೆಯಂಥದ್ದು. ಎರಡು ಕಿಟಕಿಗಳಿದ್ದವು. ಎರಡನ್ನೂ ಮುಚ್ಚಿ, ಸಂದಿಗಳಿಗೆಲ್ಲ ಹಳೆಯ ಸೀರೆಯ ಚಿಂದಿ ತುರುಕಿತ್ತು. ಬಾಗಿಲಿನ ಕೆಳಗೆ ಗೋಣಿಚೀಲ. ಫ್ಯಾನನ್ನು ಬಿಚ್ಚಿ ಮೂಲೆಗೆ ಇಟ್ಟಿದ್ದರು.

ಯಾಕೆ ಮಾವ ಹೀಗೆ ಎಂದು ಕೇಳಿದೆ. ಅವನು ಆ ಏರಿಳಿತವಿಲ್ಲದ ದನಿಯಲ್ಲಿ ವಿವರಿಸಿದ. ಮೊದಲು ದಿನಕ್ಕೆ ನಾಲ್ಕಾರು ಸ್ಯಾಂಪಲ್ಲು, ಕಿಟಕಿ ತೆಗೆದೇ ಇರುತ್ತಿತ್ತು. ಲಾರಿಗಳು ಹೆಚ್ಚಾದ ಮೇಲೆ ಹೊರಗಿನ ಕೆಂಪು ಕಬ್ಬಿಣದ ಧೂಳು ಒಳಗೆ ಬಂದು ಮ್ಯಾಂಗನೀಸಿನ ಕಪ್ಪು ಪುಡಿಯೊಳಗೆ ಬೆರೆಯತೊಡಗಿತು. ಗ್ರೇಡು ತಪ್ಪು ಬಂದರೆ ಯಾರ ಹೆಸರು ಕೆಡುತ್ತದೆ? ಫ್ಯಾನು ಹಾಕಿದರೆ ಪುಡಿ ಹಾರಿ ಒಂದು ಪೊಟ್ಟಣದ್ದು ಇನ್ನೊಂದಕ್ಕೆ ಬೀಳುತ್ತದೆ. ಅದಕ್ಕೆ ಅದನ್ನೂ ಬಿಚ್ಚಿಸಿದ. ಚಿಂದಿ ತುರುಕಿದವನು ತಾನೇ, ಯಾರೂ ಹೇಳಿರಲಿಲ್ಲ. ಅಲ್ಲಿಂದೀಚೆಗೆ ತನ್ನ ಒಂದು ಸ್ಯಾಂಪಲ್ಲೂ ವಾಪಸು ಬಂದಿಲ್ಲ ಎಂದ. ದಿನವಿಡೀ ಆ ರೂಮಿನಲ್ಲಿ ಕಪ್ಪು ಕಲ್ಲು ಕುಟ್ಟುತ್ತ, ಜರಡಿ ಆಡಿಸುತ್ತ, ಅದರ ಪುಡಿಯನ್ನೇ ಉಸಿರಾಡುತ್ತ ಅವನು ಕೆಂಪು ಧೂಳನ್ನು ಹೊರಗೆ ತಡೆದಿದ್ದ.

ಆಗ ಎಂ.ಎಸ್ಸಿ. ಪರೀಕ್ಷೆಯಲ್ಲಿ ನಾನೇ ಬರೆದಿದ್ದ ಉತ್ತರ ನೆನಪಾಯಿತು. ಮ್ಯಾಂಗನೀಸಿನ ಧೂಳನ್ನು ವರ್ಷಗಟ್ಟಲೆ ಉಸಿರಾಡುವವರ ಮೆದುಳಿನ ತಳದಲ್ಲಿ ಅದು ಸೇರಿಕೊಳ್ಳುತ್ತದೆ, ಮುಖ ಮರಗಟ್ಟುತ್ತದೆ, ದನಿ ಇಳಿಯುತ್ತದೆ, ಮುಂಗಾಲಿನ ಮೇಲೆ ನಡೆಯುತ್ತಾರೆ, ಹಿಂದಕ್ಕೆ ಹೆಜ್ಜೆ ಇಡಲಾಗದೆ ಬೀಳುತ್ತಾರೆ. ಒಂದೊಂದೂ ಸರಿ, ಒಳ್ಳೆಯ ಅಂಕ ಬಂದಿತ್ತು. ಮ್ಯಾಂಗನೀಸ್ ಎಂಬ ಶಬ್ದ ಬರೆಯುವಾಗ ಸಂಡೂರು ನೆನಪಾಗಲಿಲ್ಲ. ಅದು ಪುಸ್ತಕದ ಮ್ಯಾಂಗನೀಸು, ನಮ್ಮೂರಿನದಲ್ಲ ಅನ್ನುವ ಹಾಗೆ. ಇಲಿಗಳ ಮೆದುಳಿನಲ್ಲಿ ಯಾವ ಕೇರಿಯನ್ನು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆನೋ ಅದೇ ಕೇರಿ ಮಾವನ ತಲೆಯಲ್ಲಿ ಕತ್ತಲಾಗುತ್ತಿತ್ತು. ನಾನು ಅವನಿಗೆ ಬಿಗುಮಾನ ಬಂತು ಅಂದುಕೊಂಡಿದ್ದೆ. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವಳು ನಂಬಲಿಲ್ಲ. ಮಾವನ ಮೇಲಿನ ಮಮತೆಗೆ ಕಥೆ ಕಟ್ಟುತ್ತಿದ್ದೀ ಎಂದಳು. ಮಾವನೂ ನಂಬಲಿಲ್ಲ, ಬಿದ್ದದ್ದಕ್ಕೆ ಗುಡಿಯ ನೆಲದ ಮೇಲಿನ ಎಣ್ಣೆ ಕಾರಣ ಎಂದ. ಬಾಯಿಮಾತಿಗೆ ಬಗ್ಗುವ ಜನವಲ್ಲ ಅವರು. ನನ್ನ ಬೀಗದ ಕೈ ಗೊಂಚಲಲ್ಲಿ ಹಂಪಿಯ ಬೀದಿಯಲ್ಲಿ ಕೊಂಡ ಒಂದು ಸಣ್ಣ ಲೇಸರ್ ಲೈಟು ಇತ್ತು. ಮಧ್ಯಾಹ್ನ ಊಟವಾದ ಮೇಲೆ ಸಾಮಾನು ಕೋಣೆಯ ಬಾಗಿಲು ಹಾಕಿ ಕತ್ತಲು ಮಾಡಿದೆ. ಅದನ್ನು ಮಾವನ ಬಲಗೈ ಬೆನ್ನಿಗೆ ಅಂಟುಪಟ್ಟಿಯಿಂದ ಕಟ್ಟಿ, ಗುಂಡಿ ಒತ್ತಿದಂತೆಯೇ ಇರಲು ಇನ್ನೊಂದು ಪಟ್ಟಿ ಹಾಕಿದೆ. ಎದುರು ಸುಣ್ಣದ ಗೋಡೆಯ ಮೇಲೆ ಕೆಂಪು ಚುಕ್ಕೆ ಬಿತ್ತು.

ಮೊದಲು ಕೈ ಚಾಚಿ ಸುಮ್ಮನೆ ಹಿಡಿ ಅಂದೆ. ಕೈ ನೋಡಿದರೆ ನೆಟ್ಟಗೇ ಇತ್ತು. ಗೋಡೆಯ ಮೇಲಿನ ಚುಕ್ಕೆ ಮಾತ್ರ ಸಣ್ಣಗೆ ನಡುಗುತ್ತಿತ್ತು. ಆಮೇಲೆ ಮಣಿಕಟ್ಟಿನಿಂದ ಕೈಯನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರು, ನಿಲ್ಲಿಸಬೇಡ ಅಂದೆ. ಚುಕ್ಕೆ ತೊಲೆಯಿಂದ ನೆಲದವರೆಗೆ ಒಂದು ಸಲ ಹೋಗಿ ಬಂತು. ಎರಡನೇ ಸಲ ಗೋಡೆಯ ಅರ್ಧಕ್ಕೆ ತಿರುಗಿತು. ಆಮೇಲೆ ಮೊಳದಷ್ಟು, ಆಮೇಲೆ ಗೇಣಿನಷ್ಟು, ಆಮೇಲೆ ನಾಲ್ಕು ಬೆರಳು. ಮಾವ ಇನ್ನೂ ಆಡಿಸುತ್ತಲೇ ಇದ್ದೇನೆ ಅಂದುಕೊಂಡಿದ್ದ. ಚುಕ್ಕೆ ಒಂದೇ ಕಡೆ ನಿಂತಿತ್ತು.

ಅದನ್ನೇ ಅತ್ತೆಯ ಕೈಗೆ ಕಟ್ಟಿದೆ. ತೊಲೆಯಿಂದ ನೆಲಕ್ಕೆ, ನೆಲದಿಂದ ತೊಲೆಗೆ, ನಾನು ಸಾಕು ಅನ್ನುವವರೆಗೆ ಒಂದೇ ಸಮ ಓಡಾಡಿತು. ಕುಡಿದವರ ಕೈ ಆದರೆ ಇನ್ನೂ ಅಗಲಕ್ಕೆ ಓಲಾಡುತ್ತದೆ, ಗುರಿ ದಾಟಿ ಹೋಗುತ್ತದೆ, ಹೀಗೆ ಸಣ್ಣದಾಗುತ್ತ ಹೋಗಿ ನಿಲ್ಲುವುದಿಲ್ಲ ಎಂದು ಹೇಳಿದೆ. ಕೈ ಹೇಗೋ ಮುಖವೂ ಹಾಗೆ, ಒಳಗಿನ ನಗು ಹೊರಟಿರುತ್ತದೆ, ಕೆನ್ನೆಗೆ ಬಂದು ಮುಟ್ಟುವುದಿಲ್ಲ ಎಂದೆ. ಅತ್ತೆ ಆ ಕತ್ತಲಲ್ಲಿ ತನ್ನ ಕೈಗೆ ಕಟ್ಟಿದ್ದ ಪಟ್ಟಿಯನ್ನು ತಾನೇ ಬಿಚ್ಚಿದಳು. ಮಾವ ಗೋಡೆಯನ್ನೇ ನೋಡುತ್ತ ನಿಂತಿದ್ದ.

"ಅಂದ್ರ ನಾ ಕುಡಿದಿಲ್ಲ ಅನ್ನಾಕ ಈ ಗ್ವಾಡಿ ಸಾಕ್ಷಿ," ಅಂದ. ಅಷ್ಟು ದಿನ ಅವನು ಆ ಮಾತನ್ನು ಎತ್ತಿಯೇ ಇರಲಿಲ್ಲ. ಊರೆಲ್ಲ ಏನು ಅನ್ನುತ್ತಿದೆ ಎಂದು ಅವನಿಗೆ ಗೊತ್ತಿತ್ತು.

ಆ ರೂಮು ಬಿಡಬೇಕು, ನಾಳೆಯಿಂದಲೇ ಬಿಡಬೇಕು ಅಂದೆ. ಮಾವ ಒಪ್ಪಲಿಲ್ಲ. ಈಗ ಬಿಟ್ಟರೆ ಕುಡಿದದ್ದಕ್ಕೇ ತೆಗೆದರು ಅನ್ನುತ್ತಾರೆ, ಸತ್ತರೂ ಆ ಹೆಸರು ಹೊತ್ತುಕೊಂಡು ಗುಡ್ಡ ಇಳಿಯುವುದಿಲ್ಲ ಎಂದು ಹಟ ಹಿಡಿದ. ನಾನು ಜಗಳವಾಡಿದೆ. ಮೆದುಳಿನ ಚಿತ್ರ ಬರೆದು ತೋರಿಸಿದೆ, ದನಿ ಎತ್ತರಿಸಿದೆ, ನಿನ್ನಂಥ ಮೊಂಡನನ್ನು ನೋಡಿಲ್ಲ ಎಂದೂ ಅಂದೆ. ಅವನ ಮುಖದಲ್ಲಿ ಸಿಟ್ಟೂ ಕಾಣುವಂತಿರಲಿಲ್ಲ, ಅದು ನನ್ನ ಸಿಟ್ಟನ್ನು ಇನ್ನೂ ಏರಿಸಿತು. ಕೊನೆಗೆ ಮಾತಾಡಿದವಳು ಅತ್ತೆ.

"ಅನ್ನೋರು ಅನ್ಲಿ ಬಿಡ್ರಿ. ನಾನೂ ಅಂದಿದ್ದೆ. ಇನ್ನ ನಾ ಅನ್ನಂಗಿಲ್ಲ," ಅಂದಳು. "ನಿಮಗ ಅಷ್ಟು ಸಾಲಂಗಿಲ್ಲೇನು?"

ಮಾವ ಅವಳನ್ನು ನೋಡಿದ. ಮುಂದಿನ ವಾರ ಬೆಂಗಳೂರಿಗೆ ಬರುತ್ತೇನೆ, ನಿಮ್ಮ ಡಾಕ್ಟರಿಗೆ ತೋರಿಸು ಎಂದು ನನಗೆ ಹೇಳಿದ.

ನರರೋಗದ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಮಾವನನ್ನು ಹಿಂದಕ್ಕೆ ನಡೆಯಿರಿ ಅಂದು, ತಾವೇ ಅವನ ಬೆನ್ನ ಹಿಂದೆ ಕೈ ಚಾಚಿ ನಿಂತರು. ಮಾವ ಅವರ ಕೈಯಲ್ಲೇ ಬಿದ್ದ. ಸ್ಕ್ಯಾನಿನ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದಾಗ ತಲೆಯ ನಡುವೆ, ಎಡಕ್ಕೊಂದು ಬಲಕ್ಕೊಂದು, ಎರಡು ಬಿಳಿ ಮಚ್ಚೆ ಕಂಡವು. ಎಷ್ಟೋ ತಿಂಗಳು ಇಲಿಗಳಲ್ಲಿ ನೋಡಿದ ಜಾಗ. ನಾನು ಬೆರಳಿಟ್ಟು ತೋರಿಸುವ ಮೊದಲೇ ಮಾವ ಅದರ ಮೇಲೆ ಕಣ್ಣಿಟ್ಟಿದ್ದ. ನೀವು ಕೆಲಸ ಮಾಡುವಲ್ಲಿ ಕಿಟಕಿ ಇದೆಯೇ ಎಂದು ಡಾಕ್ಟರು ಕೇಳಿದರು. "ಎರಡು ಅದಾವ್ರಿ. ನಾ ತಗಿಯಂಗಿಲ್ಲ," ಎಂದ ಮಾವ. ಆ ಮಾತಿನಲ್ಲಿ ಆಗಲೂ ಸ್ವಲ್ಪ ಹೆಮ್ಮೆ ಇತ್ತು. ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂದು ಅವನಿಗೆ ತಿಳಿಯಿತು.

ಆಸ್ಪತ್ರೆಯ ಅಂಗಳದಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ಅತ್ತೆ ಮಾತ್ರೆ ತರಲು ಹೋಗಿದ್ದಳು. ಎಳೆಬಿಸಿಲು, ಎಲೆಗಳ ನೆರಳು ಅವನ ಧೋತರದ ಮೇಲೆ ಆಡುತ್ತಿತ್ತು.

"ಸೊಸಿ, ಖರೇ ಹೇಳು," ಅಂದ. "ಆ ರೂಮು ಬಿಟ್ರ ಮುಖ ವಾಪಸ್ ಬರ್ತೈತೇನು?"

ಅವನು ಕಾಲು ಕೇಳಲಿಲ್ಲ, ಕೈ ಕೇಳಲಿಲ್ಲ. ಬರುತ್ತದೆ ಎಂದು ಹೇಳಲು ನನ್ನ ನಾಲಗೆ ತುದಿಗೆ ಬಂದಿತ್ತು. ಹೇಳಿದ್ದರೆ ಆ ದಿನ ಅವನು ನೆಮ್ಮದಿಯಿಂದ ಊರಿಗೆ ಹೋಗುತ್ತಿದ್ದ. ಆದರೆ ಅವನು ನನಗೆ ಯಾವತ್ತೂ ಪವಾಡವನ್ನು ಪವಾಡವೆಂದು ಹೇಳಿ ತಪ್ಪಿಸಿಕೊಂಡವನಲ್ಲ. "ಹೋಗಿದ್ದು ಬರಂಗಿಲ್ಲ ಮಾಮಾ," ಅಂದೆ. "ಇನ್ನೂ ಹೋಗೋದು ನಿಂತರೂ ನಿಲ್ಲಬಹುದು. ಅದೂ ಖಾತ್ರಿ ಇಲ್ಲ." ನನಗೆ ಅಳು ಬಂತು. ಅವನು ನಿಧಾನಕ್ಕೆ, ಬಹಳ ನಿಧಾನಕ್ಕೆ, ಕೈ ಎತ್ತಿ ನನ್ನ ತಲೆಯ ಮೇಲೆ ಇಟ್ಟ.

ಕೆಲಸ ಬಿಡುವ ದಿನ ನಾನೂ ಜೊತೆಗೆ ಹೋದೆ. ಮಾವ ಯಾರನ್ನೂ ಹತ್ತಿರ ಬರಗೊಡಲಿಲ್ಲ. ಸಂದಿಗಳಲ್ಲಿ ತುರುಕಿದ್ದ ಚಿಂದಿಯನ್ನು ಒಂದೊಂದಾಗಿ ತಾನೇ ಎಳೆದು ತೆಗೆದ. ಕಣ್ಣುಮುಚ್ಚಿ ಬಿಡುವುದರಲ್ಲಿ ಆಗಬೇಕಾದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಅಧಿಕಾರಿಯೊಬ್ಬರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಕೊನೆಗೆ ಕಿಟಕಿಯ ಕದ ತಳ್ಳಿದ. ಬಿಸಿಲು ಒಂದು ಕೋಲಿನ ಹಾಗೆ ಒಳಗೆ ಬಿತ್ತು. ಆ ಕೋಲಿನೊಳಗೆ ಕಪ್ಪು ಪುಡಿ ಏಳುತ್ತ, ಇಳಿಯುತ್ತ, ಮತ್ತೆ ಏಳುತ್ತ ತುಂಬಿಕೊಂಡಿತ್ತು. ಬಲ್ಬಿನ ಕೆಳಗೆ ಅಷ್ಟು ವರ್ಷ ಯಾರಿಗೂ ಕಾಣದೆ ಇದ್ದದ್ದು. ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದರು. ಮಾವ ಅದನ್ನು ನೋಡುತ್ತಲೇ ನಿಂತ.

"ಇಷ್ಟಿತ್ತು," ಅಂದ.

ಮುಂದೆ ಕುಟ್ಟುವ ಕೆಲಸವನ್ನು ಹೊರಗೆ, ನೆರಳಿಗೆ ತಗಡು ಹಾಕಿ, ನೀರು ಚಿಮುಕಿಸಿ ಮಾಡಿಸಿದರೆಂದು ಕೇಳಿದೆ. ಮಾವನ ಮಾತಿಗೋ, ಆ ಬಿಸಿಲಿನಲ್ಲಿ ಕಂಡದ್ದಕ್ಕೋ ಗೊತ್ತಿಲ್ಲ. ಅತ್ತೆ ತಾನು ಹೇಳಿದಂತೆ ಕಂಪ್ಲಿಗೆ ಹೋದಳು. ಮಾವನನ್ನೂ ಕರೆದುಕೊಂಡು ಹೋದಳು. ಅಣ್ಣನ ಮನೆಯ ಹತ್ತಿರ, ಭತ್ತದ ಗದ್ದೆಗಳ ಅಂಚಿಗೆ ಒಂದು ಸಣ್ಣ ಮನೆ ಮಾಡಿದರು.

ಮತ್ತೆ ನಾನು ಅಲ್ಲಿಗೆ ಹೋದದ್ದು ಯುಗಾದಿಯ ಹೊತ್ತಿಗೆ. ಅವ್ವನೂ ಬಂದಿದ್ದಳು. ಗದ್ದೆಗೆ ನೀರು ಕಟ್ಟಿತ್ತು, ಗಾಳಿ ತಂಪಾಗಿತ್ತು, ಕೆಂಪು ಬಣ್ಣವೆಂಬುದು ಎಲ್ಲೂ ಇರಲಿಲ್ಲ. ಮಾವ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಇನ್ನೂ ಸ್ವಲ್ಪ ಬಿಗಿದಿದ್ದ, ಮುಖ ಹಾಗೇ ಇತ್ತು. ಹೆಚ್ಚು ಕೆಟ್ಟಿಲ್ಲ ಎಂದು ಅತ್ತೆ ಹೇಳಿದಳು. ನಾನು ಅವರಿಬ್ಬರನ್ನೂ ಕದ್ದು ಗಮನಿಸುತ್ತಿದ್ದೆ. ನನ್ನ ಎದೆಯಲ್ಲಿ ಒಂದೇ ಭಯ. ಕಾರಣ ತಿಳಿದರೂ ಗೋಡೆ ಗೋಡೆಯೇ. ಅದರ ಜೊತೆ ಒಬ್ಬ ಹೆಂಗಸು ಎಷ್ಟು ದಿನ ಬಾಳಬಲ್ಲಳು?

ಅವ್ವ ಹೊಸಪೇಟೆಯ ಸುದ್ದಿ ತೆಗೆದಳು. ನಮ್ಮ ಓಣಿಯ ಒಬ್ಬಾಕೆಗೆ ಲೇಸರಿನ ಕಥೆ ಹೇಗೋ ಗೊತ್ತಾಗಿ, ತನ್ನ ಗಂಡನನ್ನು ರಟ್ಟೆ ಹಿಡಿದು ನಮ್ಮ ಮನೆಗೆ ಎಳೆದು ತಂದಿದ್ದಳಂತೆ. ನಿಮ್ಮ ಮಗಳು ಬಂದಾಗ ಇವನ ಕೈಗೆ ಲೈಟು ಕಟ್ಟಲಿ, ಕುಡಿದಿದ್ದಾನೋ ಇಲ್ಲವೋ ಗೋಡೆ ಹೇಳಲಿ ಎಂದಳಂತೆ. ಆ ಗಂಡ, ಲೈಟು ಬೇಡವ್ವ, ನಾನೇ ಹೇಳುತ್ತೇನೆ, ಎರಡು ಕ್ವಾರ್ಟರು ಎಂದನಂತೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವ್ವ ನಕ್ಕಳು. ನಾನು ನಗುತ್ತಲೇ ಮಾವನ ಕಡೆ ನೋಡಿದೆ. ಆ ಮುಖದಲ್ಲಿ ಏನೂ ಇರಲಿಲ್ಲ. ನನ್ನ ನಗು ಅಲ್ಲೇ ನಿಂತಿತು.

"ನಕ್ಕೆ," ಅಂದ ಮಾವ, ಆ ಇಳಿದ ದನಿಯಲ್ಲಿ.

ಅತ್ತೆ ಕಣ್ಣು ಒರೆಸಿಕೊಳ್ಳುತ್ತ, ಅವನ ಕಡೆ ತಿರುಗದೆಯೇ ಕೇಳಿದಳು. "ಎಷ್ಟು ನಕ್ರಿ?"

"ಭಾಳ. ಹೊಟ್ಟಿ ನೋಯಾಕತ್ತೈತಿ."

ಅದು ಅವರಿಬ್ಬರಿಗೆ ದಿನದ ಮಾತು ಎಂದು ಆಗ ತಿಳಿಯಿತು. ಅತ್ತೆ ಮತ್ತೆ ನಗತೊಡಗಿದಳು. ಈ ಸಲ ಸೆರಗು ಅಡ್ಡ ಹಿಡಿಯಲಿಲ್ಲ. ಹೊಟ್ಟೆ, ಹೆಗಲು, ಕೂತ ಚಾಪೆ ಎಲ್ಲ ಅಲುಗುವ ಹಾಗೆ, ಅವನ ಪಾಲಿನದನ್ನೂ ಸೇರಿಸಿ ನಕ್ಕಳು.